ಹೊನ್ನಾವರದ ದಂಡೆಯಲ್ಲಿ ಸಿಕ್ಕ ನನ್ನ ಸೀರೆ

ಇಳಕಲ್ಲ
ಫೆಬ್ರುವರಿ 2004

ವೀರೇಶನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಕ್ಷೇಮವಾಗಿದ್ದೀ ಎಂದು ನಿನ್ನ ಹೆಂಡತಿಯೇ ಹೇಳಿದಳು. ಅದನ್ನು ಕೇಳಿಯೇ ನನ್ನ ಹೊಟ್ಟೆ ಉರಿದದ್ದು.

ಕಾರವಾರದ ಕೈಮಗ್ಗ ಸೀರೆ ಪ್ರದರ್ಶನ ಮುಗಿದ ಮೇಲೆ ನಮ್ಮ ನೇಕಾರ ಮಹಿಳಾ ಸಂಘದ ಹತ್ತು ಮಂದಿ ಲಾಂಚ್ ಹತ್ತಿ ಎರಡು ದಿನ ಸಮುದ್ರ ಸುತ್ತಿದೆವು. ಮಗ್ಗದ ಕುಣಿಯಲ್ಲಿ ಕಾಲಿಟ್ಟೇ ಬೆಳೆದ ನಮಗೆ ಅಷ್ಟು ನೀರು ನೋಡಿ ಬಾಯಿ ಕಟ್ಟಿತು. ಎರಡನೆಯ ದಿನ ಹೊನ್ನಾವರದಲ್ಲಿ ಇಳಿಸಿ, ಸಂಜೆಯವರೆಗೆ ಬೇಕಾದಂತೆ ತಿರುಗಿ ಎಂದರು. ತಿರುಗುವುದೇನು ಬಂತು! ಚಹಾ ಕುಡಿದು, ಅಬ್ಬಲಿಗೆ ಮುಡಿದು, ದಂಡೆಯ ಮರಳಲ್ಲಿ ಕಾಲು ಚಾಚಿ ಕುಳಿತೆವು. ಗೆಳತಿ ಕಾಸಿಂಬಿ ಮೊಣಕಾಲ ತನಕ ನೀರಿಗಿಳಿದು, "ಏ, ಸಾಕ ಬಿಡೋ, ಸೀರಿ ತೊಯ್ಸಬ್ಯಾಡ!" ಎಂದು ಅಲೆಗೇ ಬೈಯುತ್ತಿದ್ದಳು. ಆರು ವರ್ಷದಲ್ಲಿ ನಾನು ಹಾಗೆ ನಕ್ಕಿರಲಿಲ್ಲ. ಖರೆ ಹೇಳುತ್ತೇನೆ, ಆ ಹೊತ್ತಿಗೆ ನಿನ್ನ ನೆನಪೂ ಇರಲಿಲ್ಲ.

ನಮ್ಮ ಮಾತು ಕೇಳಿ ಒಬ್ಬಳು ಓಡಿ ಬಂದಳು. "ನಮ್ಮ ಕಡೇರೇನ್ರಿ? ಮಾತ ಕೇಳಿ ಜೀವ ತಡೀಲಿಲ್ಲ ನೋಡ್ರಿ" ಎಂದಳು. ಹೆಸರು ಪ್ರೀತಿ, ತವರು ಬಾದಾಮಿ, ಗಂಡನಿಗೆ ಇಲ್ಲಿಗೆ ವರ್ಗವಾಗಿದೆ ಎಂದಳು. ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆವು, ತಿನ್ನುತ್ತಲೇ ಅತ್ತಳು. ಅವಳ ಸೆರಗಿಗೆ ಹತ್ತಿದ ಮರಳು ಕೊಡವಲು ಹೋದ ನನ್ನ ಕೈ ಅಲ್ಲೇ ನಿಂತಿತು.

ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವಾಗ, ಕೆಂಪು ರೇಷ್ಮೆಯ ನಡುವೆ ಒಂದೇ ಒಂದು ಹಸಿರು ಎಳೆ ಸೇರಿಸುವ ಚಾಳಿ ನನ್ನದು. "ನೋಡಿದವ್ರು ತಪ್ಪು ಅಂತಾರ" ಎಂದು ಅಪ್ಪ ಬೈದರೂ ಬಿಟ್ಟವಳಲ್ಲ. ಆ ಎಳೆ ನನ್ನ ಬೆರಳ ಕೆಳಗಿತ್ತು. ಆರು ವರ್ಷದ ಹಿಂದೆ ನಿನ್ನೊಂದಿಗೆ ನಿಶ್ಚಯವಾದ ನನ್ನ ಮದುವೆಗೆಂದು ನಾನೇ ನೇಯ್ದ ಸೀರೆ! ಚೊಳಚಗುಡ್ಡಕ್ಕೆ ಹೋಗಿ ಬನಶಂಕರಿಯ ಪಾದಕ್ಕೆ ಮುಟ್ಟಿಸಿ ತರುತ್ತೇನೆಂದು ನಿಮ್ಮವ್ವ ಒಯ್ದಿದ್ದಳು. ಸೀರೆ ಬರಲಿಲ್ಲ, ಸುದ್ದಿ ಬಂತು: ಹುಡುಗಿಗೆ ಮೂರ್ಛೆ ರೋಗವಂತೆ, ಮದುವೆ ಬೇಡವಂತೆ. ಬೇರೆ ಸಂಬಂಧ ಕೂಡಿದೆ ಎಂದಿದ್ದರೆ ನಾಲ್ಕು ದಿನ ಅತ್ತು ಮಗ್ಗಕ್ಕೆ ಕೂರುತ್ತಿದ್ದೆ. ನೀನು ನನ್ನ ಹೆಸರನ್ನೇ ಕೆಡಿಸಿದೆ. ನೋಡಲು ಬಂದ ಗುಡೂರಿನವರು ಹೊಸ್ತಿಲಿನಿಂದಲೇ ತಿರುಗಿದರು; ಆಮೇಲೆ ಯಾರೂ ಬರಲಿಲ್ಲ. ಇಂದಿಗೂ ನಾನು ಸ್ವಲ್ಪ ಕಣ್ಣು ಮುಚ್ಚಿದರೆ ಸಾಕು, ಮೂರ್ಛೆ ಬಂತೆಂದು ಓಣಿಯವರು ನನ್ನ ಕೈಗೆ ಕೊಡಲು ಕಬ್ಬಿಣ ಹುಡುಕುತ್ತಾರೆ.

"ಈ ಸೀರಿ ಎಲ್ಲೀದವ್ವಾ?" ಎಂದೆ.

"ನಮ್ಮನಿಯವ್ರು ನನ್ನ ಸಲುವಾಗೇ ಹೇಳಿ ನೇಯ್ಸಿದ್ದ್ರಿ. ಪಾಪ, ಅವ್ರಿಗೆ ಮೊದ್ಲ ಒಂದು ಹುಡುಗಿ ನಿಶ್ಚಯ ಆಗಿತ್ತಂತ. ಮೂರ್ಛಿ ಬಂದು ಸತ್ಲಂತ."

ಸಾಯಿಸಿಯೂ ಬಿಟ್ಟೆಯಲ್ಲೋ!

"ಆ ಸತ್ತಾಕಿ ನಾನ ನೋಡವಾ" ಎಂದು ಎಲ್ಲ ಹೇಳಿದೆ. ಹಸಿರು ಎಳೆ ತೋರಿಸಿದೆ. ಕಾಸಿಂಬಿ ಉಟ್ಟಿದ್ದೂ ನನ್ನ ಕೈಯ ಸೀರೆಯೇ; ಅವಳೂ ಸೆರಗು ಮುಂದೆ ಮಾಡಿ ಅಂಥದೇ ಎಳೆ ತೋರಿಸಿದಳು. ಪ್ರೀತಿ ಎರಡೂ ಎಳೆಗಳನ್ನು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ, "ಅಕ್ಕಾ, ಇದು ನಿಮ್ಮದು. ಮನೀಗೆ ಬರ್ರಿ, ಬಿಚ್ಚಿ ಕೊಡ್ತೇನಿ" ಎಂದಳು. ಅವಳ ಮೇಲೆ ನನಗೇನು ಸಿಟ್ಟು? ಆದರೆ ಸೀರೆ ತೆಗೆದುಕೊಳ್ಳಲಿಲ್ಲ. "ಬ್ಯಾಡ, ಉಟ್ಕೊಂಡ ಇರು. ದಿನಾ ಅವನ ಕಣ್ಣ ಮುಂದ ಉಟ್ಕೊಂಡ ತಿರುಗು" ಎಂದೆ. ಲಾಂಚ್ ಬಿಡುವಾಗ ನೀನು ಕೆಲಸ ಮುಗಿಸಿ ಮನೆಗೆ ಬರುವ ಹೊತ್ತು. ಆ ಸೀರೆ ಉಟ್ಟು ಬಾಗಿಲು ಯಾರು ತೆರೆಯುತ್ತಾರೆಂದು ನೆನೆಸಿಕೊಂಡು ಮತ್ತೊಮ್ಮೆ ಹೊಟ್ಟೆ ತುಂಬ ನಕ್ಕೆ.

ಬರುವ ಸೋಮವಾರ ಇಳಕಲ್ಲಿಗೆ ಬಾ. ನಮ್ಮ ಓಣಿಯ ಹಿರಿಯರ ಮುಂದೆ ನಿಂತು, ರೋಹಿಣಿಗೆ ಯಾವ ರೋಗವೂ ಇಲ್ಲ, ಸುಳ್ಳು ಹೇಳಿದ್ದು ನಾನು ಎನ್ನು. ನೀನು ಬಾರದಿದ್ದರೆ ತಾನೇ ಬಂದು ಹೇಳುತ್ತೇನೆಂದು ಪ್ರೀತಿ ಮಾತು ಕೊಟ್ಟಿದ್ದಾಳೆ. ನಿನ್ನ ಕಚೇರಿಯ ವಿಳಾಸ ಬರೆದು ಕೊಟ್ಟವಳೂ ಅವಳೇ. ಅದಕ್ಕೇ ಈ ಪತ್ರ ಅಲ್ಲಿಗೆ ಬಂದಿದೆ. ಲಕೋಟೆಗೆ ಅಂಟು ಹಚ್ಚಿಲ್ಲ. ನಿನಗಿಂತ ಮೊದಲು ನಾಲ್ಕು ಮಂದಿಯಾದರೂ ಓದಿರುತ್ತಾರೆ. ತಲೆ ಎತ್ತಿ ನೋಡು, ಯಾರ್ಯಾರು ನಿನ್ನನ್ನೇ ನೋಡುತ್ತಿದ್ದಾರೆ?

ನೂರು ವರ್ಷ ಬಾಳು ವೀರೇಶ. ಬೇಗ ಸತ್ತು ತಪ್ಪಿಸಿಕೊಳ್ಳಬೇಡ.

ಇನ್ನೂ ಬದುಕಿರುವ,
ರೋಹಿಣಿ