ಹಸರ ಬಳಿ ಅಳತಿ

ಹನಮ್ಯಾ,

ಹಿರೇವಡ್ಡಟ್ಟಿ ಶಾಲಿ ವಾರ್ಷಿಕೋತ್ಸವಕ್ಕ ಹೊಂಟೀನಿ, ರಾತ್ರಿ ಅಲ್ಲೇ ಇರ್ತೀನಿ. ರೊಟ್ಟಿ ಬುಟ್ಟ್ಯಾಗ ಅದಾವ. ಇಬ್ಬರೂ ಉಣ್ರಿ.

ನಾಳೆ ಮುಂಡರಗ್ಯಾಗ ರೇಸ್ ಐತೆಲ್ಲಾ ಅಂತ ನಿನ್ನ ರಿಮೋಟ್ ಕಾರು ನೆಲಕ್ಕಿಟ್ಟು ನೋಡಿದೆ. ಹಿಂದಿನ ಭಾಗ ಬಾಲ ಎತ್ತಿದ ಕರುವಿನಂಗ ನಿಂತಿತ್ತು. ಬಾಜೂಕ ಎರಡು ಹಸರ ಬಳಿ ಬಿದ್ದಿದ್ವು. ಯಾರ ಕೈ ಆಡೈತಿ ಅಂತ ಆಗ ತಿಳೀತು.

ಲೇ, ಮಾವ ಮುಂಬೈಯಿಂದ ಈ ಕಾರು ತಂದ ದಿನದಿಂದ ಅದರ ಹೊಟ್ಟಿ ಕೆಳಗ ಎರಡು ಬಳಿ ಒಂದರ ಮ್ಯಾಲೊಂದು ಇಟ್ಟು, ತಾಗಿಯೂ ತಾಗದಂಗ ಸ್ಪ್ರಿಂಗ್ ಬಿಗಿ ಮಾಡಿದಾಕಿ ನಾನು. ಆ ಅಳತಿ ನನ್ನ ತೆಳ್ಳನ ಕೆಂಪು ಬಳಿದು. ನಿನ್ನ ಹೆಂಡತಿ ಮದುವಿ ಬಳಿ ದಪ್ಪ ಅದಾವ. ಅಷ್ಟೆತ್ತರ ನಿಂತ್ರ ತಿರುವಿನ್ಯಾಗ ಪಲ್ಟಿ ಹೊಡಿತೈತಿ. ಇಷ್ಟೂ ತಿಳೀಲಿಲ್ಲೇನು ನಿನಗ? ಆಕಿ ಬಂದು ಒಂದು ತಿಂಗಳ ಆಗಿಲ್ಲ, "ನಮ್ಮ ರೇಣವ್ವನ ಕೈ ಭಾಳ ನಾಜೂಕು" ಅಂತ ಓಣಿ ತುಂಬ ಹೇಳ್ಕೊಂತ ತಿರಗಾಕತ್ತಿ. ನನ್ನ ಕೈಗೆ ಒಂದ ದಿನರೆ ಹಂಗ ಅಂದಿದ್ದೇನು?

ಸ್ಪ್ರಿಂಗ್ ಸಡ್ಲ ಮಾಡೀನಿ. ಬ್ಯಾಟರಿ ಹಾಕಿ, ಮ್ಯಾಲಿಂದ ಒತ್ತಿ ಬಿಟ್ಟು, ಆಮ್ಯಾಲೆ ಅಳದೀನಿ. ಈಗ ಸರಿ ಐತಿ. ಮುಟ್ಟಬ್ಯಾಡ, ಯಾರ ಕಡಿಂದಲೂ ಮುಟ್ಟಸಬ್ಯಾಡ.

ಹಸರ ಬಳಿ ಆಕಿಗೆ ಕೊಡು. ಹೊಸ ಮದವಣಗಿತ್ತಿ ಕೈ ತುಂಬ ಬಳಿ ಇರಬೇಕು. ನನ್ನವು ಕಾರಿನ ಡಬ್ಬ್ಯಾಗ ಇಟ್ಟೀನಿ, ಅಲ್ಲೇ ಇರಲಿ.

ನಾಳೆ ಮುಂಡರಗಿ ಬಸ್ ಸ್ಟ್ಯಾಂಡಿನ್ಯಾಗ ನಿಂತಿರ್ತೀನಿ. ಕಾರು ಅರಿವ್ಯಾಗ ಸುತ್ಕೊಂಡು ಬಾ.

ಒಬ್ಬನ ಬಾ.

ನಿನ್ನ ಅಕ್ಕ