ತೊಟ್ಟಿಲ ಮೇಲಿನ ಕತ್ತರಿ

ತಮ್ಮಾ,

ನೀನಿದ್ದಾಗಲೇ ನಿನಗೆ ಓದಲು ಬರುತ್ತಿರಲಿಲ್ಲ, ಈಗಂತೂ ನೀನೇ ಇಲ್ಲ. ಆದರೂ ಹೇಳದೆ ಇರಲಾರೆ.

ಇವತ್ತು ಮ್ಯೂಸಿಯಮ್ಮಿಗೆ ಬಂದವರಿಗೆ ಹಳೆಯ ತೊಟ್ಟಿಲೊಂದನ್ನು ತೋರಿಸುತ್ತಿದ್ದೆ. ಅದರ ಮೇಲೊಂದು ಕಬ್ಬಿಣದ ಕತ್ತರಿ ತೂಗುತ್ತದೆ, ನಿನ್ನ ತೊಟ್ಟಿಲ ಮೇಲೆ ತೂಗುತ್ತಿದ್ದಂಥದೇ.

"ಕಿನ್ನರಿಯರು ನಮ್ಮ ಮಗುನ ಕದ್ದು ತಮ್ಮದನ್ನ ಬಿಟ್ಟು ಹೋಗ್ತಾರೆ ಅಂತ ಜನಕ್ಕೆ ಭಯ. ಕಬ್ಬಿಣ ಕಂಡ್ರೆ ಅವರು ಹತ್ರ ಬರಲ್ವಂತೆ," ಎಂದೆ. "ಮಾತು ಬಾರದ, ನಡೆಯೋಕಾಗದ ಮಕ್ಕಳು ಹುಟ್ಟಿದಾಗ, ಇದು ನಮ್ಮದಲ್ಲ ಅನ್ನೋಕೆ ಕಟ್ಟಿದ ಕಥೆ ಇದು. ಕೆಲವರು ಕತ್ತರೀನೇ ಬಿಚ್ಚಿಬಿಡ್ತಿದ್ರು, ಕಿನ್ನರಿಯರು ಬಂದು ವಾಪಸ್ ಬದಲಾಯಿಸ್ಕೊಂಡು ಹೋಗ್ಲಿ ಅಂತ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಬ್ಬ ತಾಯಿ ಮಾತ್ರ ನಗಲಿಲ್ಲ. ಅವಳ ಸೆರಗು ಹಿಡಿದಿದ್ದ ಮಗ ನಿನ್ನ ಹಾಗೇ ಬಾಯಿ ತೆರೆದು ಕತ್ತರಿಯನ್ನೇ ನೋಡುತ್ತಿದ್ದ.

"ಹಾಗೆ ಬಿಚ್ಚಿದವ್ರನ್ನ ನೀವು ನೋಡಿದ್ದೀರಾ?" ಎಂದಳು.

ಸ್ಟೂಲು ಹತ್ತಿ ನಿಂತ ಅಮ್ಮ ಕಣ್ಣಮುಂದೆ ಬಂದಳು. ಮೂರು ತುಂಬಿದರೂ ತೊಟ್ಟಿಲಲ್ಲೇ ಇದ್ದ ನೀನು, ಆ ಹೊಳೆಯುವ ಕತ್ತರಿಯನ್ನು ನಿನಗೇ ಕೊಡುತ್ತಾಳೆಂದುಕೊಂಡು ಎರಡೂ ಕೈ ಚಾಚಿ ನಗುತ್ತಿದ್ದೆ.

"ಇಲ್ಲಮ್ಮ, ಎಲ್ಲಾ ಅಜ್ಜಿ ಕಥೆ," ಎಂದೆ.

"ಸದ್ಯ!" ಎಂದು ಅವಳು ಮಗನ ಬಾಯಿ ಒರೆಸಿದಳು. "ಇವನ ಅಣ್ಣ ಇವನನ್ನ ಒಂದು ಗಳಿಗೆ ಬಿಟ್ಟಿರಲ್ಲ. ನಿಮಗೂ ತಮ್ಮ ಇದಾನಾ?"

ನಮ್ಮಿಬ್ಬರಲ್ಲಿ ಮಾತು ಬರುತ್ತಿದ್ದವನು ನಾನು.

"ಇಲ್ಲ," ಎಂದೆ, "ನಾನೊಬ್ಬನೇ ಮಗ."