ಶೀನನ ಲಾಂಚಿಗೆ ಒಂದು ಎಂಜಿನ್ನೋ, ಎರಡೋ

ಏನೂಂದ್ರೆ,

ನಿನ್ನೆ ಗಂಗೊಳ್ಳಿಯಿಂದ ವಾಪಸು ಬಂದೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದಾಗ ಕಾಲು ತಾನಾಗಿ ಊರಿಗಾಂ ಗಣಿಗೆ ಹೋಗುವ ಗಾಡಿಯ ಕಡೆಗೆ ತಿರುಗಿತು. ಅಲ್ಲಿ ಈಗ ನಮ್ಮ ಮನೆಯೆಲ್ಲಿದೆ? ನೀವು ಹೋದ ಮೇಲೆ ಕಂಪನಿಯ ಮನೆ ಬಿಟ್ಟುಕೊಟ್ಟೆ. ಬೂದಿಕೋಟೆಯಲ್ಲಿ ಅಣ್ಣನ ಜೊತೆಗಿದ್ದೀನಿ, ಒಂದು ಹಸು ಕಟ್ಟಿದ್ದೀನಿ. ಅದೆಲ್ಲ ಇರಲಿ. ಶೀನನ ಲಾಂಚಿನ ವಿಷಯ ನಿಮಗೆ ಹೇಳದೆ ನನಗೆ ಅನ್ನ ಇಳಿಯುವುದಿಲ್ಲ.

ನೀವಿದ್ದಾಗ, ಆ ಭಾನುವಾರ ಶೀನ ಊರಿಗಾಂ ಮನೆಯ ಬಾಗಿಲಿಗೆ ಬಂದು ನಿಂತಾಗ ನನಗೆ ಗುರುತೇ ಸಿಗಲಿಲ್ಲ. ಗಣಿಯ ಪಂಪುಗಳ ಕೆಲಸದಲ್ಲಿ ನಿಮ್ಮ ಕೈಕೆಳಗೆ ಕೆಲವು ವರ್ಷ ಇದ್ದವನು, ಕಡಲ ಕಡೆಯ ತನ್ನ ಊರಿಗೆ ಮರಳಿ ಜನ ಸಾಗಿಸುವ ಲಾಂಚು ಇಟ್ಟುಕೊಂಡಿದ್ದ. ನಗುನಗುತ್ತಾ ಇದ್ದ ಹುಡುಗ, ಬತ್ತಿಹೋಗಿದ್ದ. ಹೊಳೆ ಕಡಲಿಗೆ ಸೇರುವ ಬಾಯಿಗೆ ಅಳಿವೆ ಅಂತಾರಂತೆ. ಅಲ್ಲಿ ಎಂಜಿನ್ ನಿಂತುಹೋಗಿ, ಅಡ್ಡ ತಿರುಗಿದ ಲಾಂಚನ್ನು ಅಲೆ ಮಗುಚಿ, ಅದನ್ನು ನಡೆಸುತ್ತಿದ್ದ ಅವನ ತಮ್ಮ ಹೋಗಿಬಿಟ್ಟಿದ್ದ. ಈಗ ಹೊಸ ಲಾಂಚು ಕಟ್ಟಿಸಬೇಕು. "ಮೇಸ್ತ್ರಿಯವರೇ, ಈ ಸಲ ಎರಡು ಎಂಜಿನ್ ಹಾಕ್ತೆ. ಒಂದು ನಿಂತ್ರೆ ಇನ್ನೊಂದು ಇರತ್ತಲ್ದಾ?" ಅಂದ. ಕಡಲನ್ನು ಕಣ್ಣಲ್ಲೂ ಕಾಣದ ನೀವು ಏನು ಹೇಳುತ್ತೀರೋ ಅಂತ ನಾನು ಒಲೆಯ ಮುಂದಿನಿಂದ ಇಣುಕಿದೆ. "ಪಾಕ್ಕಲಾಂ" ಅಂದಿರಿ. ನೋಡೋಣ ಅನ್ನುವುದಕ್ಕೆ ನಿಮ್ಮ ಬಾಯಲ್ಲಿ ಯಾವಾಗಲೂ ತಮಿಳೇ ಅಲ್ಲವಾ?

ಕಾಫಿ ಕುಡಿದಾದ ಮೇಲೆ ಇದ್ದಿಲಿನಿಂದ ನೆಲದ ಮೇಲೆ ಲಾಂಚಿನ ಆಕಾರ ಬರೆದಿರಿ. ಆಗತಾನೇ ಸಾರಿಸಿದ್ದ ನೆಲ! "ಎರ್ಡೂ ಒಂದೇ ಟ್ಯಾಂಕ್‌ನಾಗೆ ಎಣ್ಣೆ ಕುಡಿತವೇನ್ಲಾ ಶೀನ?" ಅಂತ ಕೇಳಿದಿರಿ. ಅವನು ಹೌದೆಂದ. "ಅಂಗಾರೆ ಎರ್ಡಿದ್ದೂ ಏನು ಬಂತು? ನೆಲದೊಳಗೆ ಎರ್ಡು ಪಂಪು ಇಕ್ಕಿದ್ದು ಗ್ಯಾಪಕ ಐತಾ? ಒಂದೇ ಗುಂಡಿ ನೀರು. ಕೆಸರು ಬಂದಾಗ ಎರ್ಡೂ ಒಟ್ಗೇ ಕಟ್ಕೊಂಡ್ವು." ನಿಮ್ಮ ಮನಸ್ಸು ಒಂದೇ ಎಂಜಿನ್ನಿನ ಕಡೆಗಿತ್ತು. ಒಂದೇ ಆದರೆ ಅದರ ನೀರು ತಳ್ಳುವ ಪಂಖ ನಟ್ಟನಡುವೆ, ದೋಣಿಯ ಬೆನ್ನೆಲುಬಿನ ಮರೆಯಲ್ಲಿರುತ್ತೆ. ಎರಡಾದರೆ ಎರಡೂ ಪಕ್ಕಕ್ಕೆ ಚಾಚಿಕೊಂಡು ಬಲೆಗೋ ಹಗ್ಗಕ್ಕೋ ಸಿಕ್ಕುತ್ತೆ ಅಂದಿರಿ. ಶೀನ ತಲೆ ತಗ್ಗಿಸಿ ಎಲ್ಲ ಕೇಳಿದ. ಆಮೇಲೆ, "ನನ್ನ ತಮ್ಮನೂ ಒಂದನ್ನೇ ನಂಬ್ಕಂಡು ಹೋದ" ಅಂದ. ನಿಮ್ಮ ಕೈಯಲ್ಲಿದ್ದ ಇದ್ದಿಲು ಅಲ್ಲೇ ನಿಂತಿತು.

ಆಗ ನಾನು ಬಾಯಿ ಹಾಕಿದೆ. ನಮ್ಮಪ್ಪನ ಗಾಡಿಯಲ್ಲಿ ಒಂದು ಎತ್ತು ಮಲಗಿಬಿಟ್ಟರೆ ಇನ್ನೊಂದು ಗಾಡಿಯನ್ನು ಮುಂದಕ್ಕೆ ಎಳೆಯುತ್ತಿರಲಿಲ್ಲ, ಸುತ್ತಿಸುತ್ತಿತ್ತು. "ಒಂಟಿ ಎಂಜಿನ್ನು ನೀರಾಗೆ ಎಂಗೆ ಎಳಿತದೆ? ನೆಟ್ಟಗೆ ಓಗ್ತದಾ?" ಅಂದೆ. ನೀವು ಶೀನನ ಮುಖ ನೋಡಿದಿರಿ, ಶೀನ ನಿಮ್ಮ ಮುಖ ನೋಡಿದ. ನಿಮ್ಮ ಕಣ್ಣಲ್ಲಿ ಆ ಹೊಳಪು ಬಂತು, ಬಿಚ್ಚಿದ ಪಂಪಿನ ಮುಂದೆ ಕೂತಾಗ ಬರುತ್ತಿದ್ದುದು. "ಕಣ್ಣಾಗೆ ನೋಡ್ದೆ ಎಂಗಮ್ಮಿ ಏಳಾದು?" ಡಾಕ್ಟರು ಆಗಲೇ ನಿಮ್ಮ ಕೆಮ್ಮಿಗೆ ಓಡಾಟ ಬೇಡ ಅಂದಿದ್ದರು. ನೀವು ರಜೆ ಹಾಕಿದಿರಿ. ಶೀನನಿಗೋಸ್ಕರವೋ, ಎಂಜಿನ್ನಿಗೋಸ್ಕರವೋ, ಇಲ್ಲಾ ಒಂದು ಸಲ ಕಡಲು ನೋಡಿಬಿಡೋಣ ಅಂತಲೋ... ಕೇಳಲೇ ಇಲ್ಲ ನಾನು.

ನಾವಿಬ್ಬರೂ ಗಂಗೊಳ್ಳಿಗೆ ಹೋದೆವು. ಕಡಲು ಕಂಡ ಮೊದಲ ಗಳಿಗೆಯಲ್ಲಿ ನೀವು ಚಪ್ಪಲಿ ಬಿಟ್ಟಿರಿ. ಮರದ ವ್ಯಾಪಾರಿಯೊಬ್ಬರ ಎರಡು ಎಂಜಿನ್ನಿನ ಲಾಂಚನ್ನು ಶೀನ ಕೇಳಿ ತಂದಿದ್ದ. ಹತ್ತಿದ ಸ್ವಲ್ಪ ಹೊತ್ತಿಗೇ ನಿಮಗೆ ವಾಂತಿ. ನನಗೇನೂ ಆಗಲಿಲ್ಲ, ಅದಕ್ಕೆ ನಿಮಗೆ ಸಿಟ್ಟು! ಬಾಯಿ ಒರೆಸಿಕೊಂಡು, "ಒಂದನ್ನ ನಿಲ್ಸು" ಅಂದಿರಿ. ಲಾಂಚು ಏಡಿಯ ಹಾಗೆ ಪಕ್ಕಕ್ಕೆ ವಾಲಿ ಹೋಯಿತು. ಶೀನ ಚುಕ್ಕಾಣಿ ಎದುರಿಗೆ ತಿರುಗಿಸಿದ ಮೇಲೆ ನೆಟ್ಟಗಾಯಿತು. ನೀವು ಮಗುವಿನ ಹಾಗೆ ನಕ್ಕಿರಿ. ಅಷ್ಟಕ್ಕೆ ಸಾಕಾಗಿತ್ತು, ವಾಪಸು ಹೋಗಬಹುದಿತ್ತು. ಆದರೆ ನೀವು ಬಿಡಬೇಕಲ್ಲ. ಇಳಿತದ ನೀರು ಕಡಲಿಗೆ ನುಗ್ಗುವ ಹೊತ್ತಿನಲ್ಲಿ, ಅಳಿವೆಯಲ್ಲಿ, ಒಂದೇ ಎಂಜಿನ್ನಿನಲ್ಲಿ ಎದುರು ಬರೋಣ ಅಂದಿರಿ. ಎಂಜಿನ್ ಅರಚಿತು, ಹಲಗೆಯೆಲ್ಲ ನಡುಗಿತು. ದಡದ ತೆಂಗಿನ ಮರಗಳು ಮಾತ್ರ ಇದ್ದಲ್ಲೇ ಇದ್ದವು. ನೋಡನೋಡುತ್ತಾ ಅವು ಮುಂದೆ ಮುಂದೆ ಹೋಗತೊಡಗಿದವು. ಮರ ನಡೆಯುತ್ತವಾ? ನಾವು ಹಿಂದಕ್ಕೆ, ಕಡಲಿನ ಕಡೆಗೆ ಜಾರುತ್ತಿದ್ದೆವು. ಶೀನ ನಿಲ್ಲಿಸಿದ್ದ ಎಂಜಿನ್ನಿಗೆ ಕೈ ಹಾಕಿದ. ಅದು ಚಾಲೂ ಆಗುವವರೆಗೆ ನಾನು ನಿಮ್ಮ ಅಂಗಿ ಹಿಡಿದುಕೊಂಡೇ ಇದ್ದೆ.

ದಡಕ್ಕೆ ಬಂದು ಮರಳಲ್ಲಿ ಕೂತಾಗ ನಿಮಗೆ ಕೆಮ್ಮು ಹತ್ತಿಕೊಂಡಿತ್ತು, ಮಾತು ತುಂಡುತುಂಡಾಗಿ ಬಂತು. "ಎರ್ಡು ಆಕ್ಲಾ ಶೀನ. ನಾನು ಒಂದು ಅಂದಿದ್ದು ನೆಲದ ಮ್ಯಾಲೆ ಕುಂತ್ಕೊಂಡು. ಆದ್ರೆ ಒಂದೊಂದೂ ಒಂಟಿಯಾಗಿ ಈ ನೀರು ದಾಟ್ಬೇಕು. ಇಲ್ದಿದ್ರೆ ಅವು ಎರ್ಡಲ್ಲ, ಅರ್ಧ ಅರ್ಧ. ಟ್ಯಾಂಕೂ ಬ್ಯಾರೆ ಬ್ಯಾರೆ ಇರ್ಲಿ." ಹಾಗಾದರೆ ಲಾಂಚು ಚಿಕ್ಕದು ಮಾಡಬೇಕು, ಜನ ಕಮ್ಮಿ ಹಿಡೀತಾರೆ ಅಂತ ಶೀನ ಗೊಣಗಿದ. "ಕಮ್ಮಿ ಜನಾನೇ ಕರ್ಕೊಂಡೋಗು. ಮಿಕ್ಕೋರಿಗೆ ಇನ್ನೊಂದು ಸಲ ಬಾ" ಅಂದಿರಿ.

ಕೆಮ್ಮು ಜೋರಾಗಿ ನೀವು ಆಸ್ಪತ್ರೆ ಸೇರಿದ ಮೇಲೆ ಒಂದು ಸಂಜೆ, ನಿಮಗೆ ನಿದ್ದೆ ಬಂದಿದೆ ಅಂತ ನಾನು ಎದ್ದು ಹೊರಟಿದ್ದೆ. ನೀವು ಕಣ್ಣು ಬಿಟ್ಟು, "ಒಂದೇ ಸಾಕಾಗಿತ್ತೇನಮ್ಮಿ?" ಅಂದಿರಿ. ನಾನು ಮತ್ತೆ ಮಂಚದ ಪಕ್ಕ ಕೂತೆ. ಶೀನನ ಲಾಂಚಿಗೆ ಆಗಿನ್ನೂ ಹಲಗೆ ಹೊಡೆಯುತ್ತಿದ್ದರು. ಅದು ನೀರಿಗಿಳಿಯುವ ಮೊದಲೇ ನೀವು...

ಈಗ ಕೇಳಿ. ಮೊನ್ನೆ ಶೀನ ಕರೆದ ಅಂತ ಒಬ್ಬಳೇ ಹೋದೆ. ಲಾಂಚು ಚಿಕ್ಕದು, ನೀಲಿ ಬಣ್ಣ. ಸಂತೆಯಿಂದ ಮರಳುವ ಹೆಂಗಸರು ಬುಟ್ಟಿಗಳ ಸಮೇತ ತುಂಬಿದ್ದರು. ನನ್ನನ್ನು ಶೀನ ಚುಕ್ಕಾಣಿಯ ಹತ್ತಿರ ಕೂರಿಸಿಕೊಂಡ. ಅಳಿವೆಯಲ್ಲಿ ಇಳಿತದ ನೀರು ಎದುರಾಗಿ ಬರುತ್ತಿತ್ತು. ನಡುವಿಗೆ ಬಂದಾಗ ಸದ್ದು ಬದಲಾಯಿತು. ಕಾಲಡಿಯ ಹಲಗೆಯ ನಡುಕ ಒಂದು ಪಕ್ಕದಲ್ಲಿ ಸತ್ತಿತು. ಒಂದು ಎಂಜಿನ್ ನಿಂತಿದೆ ಅಂತ ನನಗೆ ತಿಳಿಯಿತು. ಶೀನ ನನ್ನ ಕಡೆ ನೋಡಿದ, ಚುಕ್ಕಾಣಿ ತಿರುಗಿಸಿ ಹಿಡಿದ. ಆದರೆ ಲಾಂಚು ನಿಲ್ಲಲಿಲ್ಲ. ತುಂಬು ಬಸುರಿ ದಿಬ್ಬ ಹತ್ತುವ ಹಾಗೆ, ಮೆಲ್ಲಗೆ, ಹೋಗುತ್ತಲೇ ಇತ್ತು.

ಪಂಖಕ್ಕೆ ಸುತ್ತಿಕೊಂಡಿದ್ದು ಬಲೆಯ ಹಗ್ಗ. ನೀವು ಹೇಳಿದ್ದೂ ನಿಜವೇ ಆಯಿತು ನೋಡಿ. ಒಂದೇ ಇದ್ದಿದ್ದರೆ, ನಡುವಿನ ಮರೆಯಲ್ಲಿ, ಆ ಹಗ್ಗ ಸಿಕ್ಕಿಕೊಳ್ಳುತ್ತಲೇ ಇರಲಿಲ್ಲವೇನೋ? ಸಿಕ್ಕಿಕೊಂಡಿದ್ದರೆ? ದಾರಿಯುದ್ದಕ್ಕೂ ರೈಲಿನಲ್ಲಿ ಇದನ್ನೇ ಯೋಚಿಸುತ್ತಾ ಬಂದೆ. ನೀವಿದ್ದಿದ್ದರೆ ಇನ್ನೊಂದು ಸಲ ನೆಲವೆಲ್ಲ ಇದ್ದಿಲು ಮಾಡುತ್ತಿದ್ದಿರಿ.

ನಿಮಗೆ ಹೇಳಬೇಕಾದದ್ದು ಇಷ್ಟೇ. ಆ ಹೊತ್ತಿಡೀ ಲಾಂಚಿನಲ್ಲಿ ಇಬ್ಬರು ಹೆಂಗಸರು ಜಗಳ ಆಡುತ್ತಿದ್ದರು, ಒಬ್ಬಳ ಬುಟ್ಟಿಯ ನೀರು ಇನ್ನೊಬ್ಬಳ ಸೀರೆಗೆ ಸೋರಿತು ಅಂತ. ಮಿಕ್ಕವರು ಆಚೆಗೂ ಈಚೆಗೂ ಸೇರಿಕೊಂಡು ನಗುತ್ತಿದ್ದರು. ದಡ ಬಂತು. ಜಗಳ ಮುಗಿಯದೆಯೇ ಇಳಿದು, ಬುಟ್ಟಿ ತಲೆಗೇರಿಸಿ, ಬೈದುಕೊಳ್ಳುತ್ತಾ ಮನೆಗಳಿಗೆ ಹೋದರು. ಯಾರೂ ತಿರುಗಿ ನೋಡಲಿಲ್ಲ. ಶೀನ ಹಗ್ಗ ಕತ್ತರಿಸಲು ನೀರಿಗಿಳಿದ. "ಯಾರಿಗೂ ಹೇಳ್ಬೇಡಿ ಅಕ್ಕ, ಜನ ಹೆದರ್ತ್ರ್" ಅಂದ.

ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ, ನಿಮಗೊಬ್ಬರಿಗೆ ಬಿಟ್ಟು.